ನಿಮ್ಮ ಮೇಜಿನ ಮೇಲೆಯೇ ಇರುವುದನ್ನು ನಮ್ಮ ಹತ್ತಿರ ಯಾಕೆ ಕೇಳುತ್ತೀರಿ?

ಒಂದು ಬಿಲ್ಲು ನೋಡಿ ತಲೆ ಕೆಟ್ಟು ಹೋಗಿದೆ. ಬರೆದು ಮುಗಿಸದಿದ್ದರೆ ಇವತ್ತು ಊಟ ಸೇರುವುದಿಲ್ಲ. ಉದ್ದ ಆಗುತ್ತದೆ, ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ.

ಬಿಲ್ಲು ನನ್ನದಲ್ಲ, ನಮ್ಮ ನೆರೆಕರೆಯ ಹುಡುಗನದು. ಅಡಿಕೆಗೆ ಮದ್ದು ಬಿಡುವ ದೋಟಿಯ ತುದಿಗೆ ಅವನೊಂದು ಹೊಸ ನಮೂನೆಯ ನಾಜಲ್ ಮಾಡಿದ್ದಾನೆ. ಕೆಳಗೆ ನಿಂತೇ ಗೊನೆಯ ಸುತ್ತಲೂ ಬೋರ್ಡೋ ಬೀಳುತ್ತದೆ. ಒಳ್ಳೆಯ ಕೆಲಸ, ನಮ್ಮ ತೋಟದಲ್ಲೇ ನೋಡಿದ್ದೇನೆ. ಪುಣ್ಯಾತ್ಮ ಇಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, ಪಿಸಿಟಿ (ಒಂದೇ ಅರ್ಜಿಯಿಂದ ಹಲವು ದೇಶಗಳಿಗೆ ಹೋಗಲು ಇರುವ ಅಂತರರಾಷ್ಟ್ರೀಯ ಒಪ್ಪಂದ) ದಾರಿಯಲ್ಲಿ ಅಮೆರಿಕಕ್ಕೂ ಚೀನಾಕ್ಕೂ ಹಾಕಿದ. ಅಲ್ಲೇ ಮಾಡಿಸಿ ತರಿಸುವ ಯೋಚನೆ ಅವನದು. ಈಗ ಇಲ್ಲಿಯ ಪೇಟೆಂಟ್ ಆಫೀಸು ತನ್ನ ತಕರಾರು ಬರೆದು ಕಳಿಸುವ ಮೊದಲ ಪರೀಕ್ಷಾ ವರದಿ ಬಂದಿದೆ. ಅದರ ಬೆನ್ನಿಗೇ ಅವನ ಪೇಟೆಂಟ್ ಏಜೆಂಟರ ಬಿಲ್ಲು. ಫಾರ್ಮ್ 3 (ಹೊರದೇಶದಲ್ಲಿ ಹಾಕಿದ ಅರ್ಜಿಗಳ ವಿವರ ಬರೆದು ಕೊಡುವ ಕಾಗದ) ತಯಾರಿ ಇಷ್ಟು, ವಿದೇಶದ ಅರ್ಜಿಗಳ ಮಾಹಿತಿ ಸಂಗ್ರಹ ಇಷ್ಟು, ಚೀನೀ ವರದಿಯ ಅನುವಾದ ಇಷ್ಟು. ಫಾರ್ಮ್ 3ಕ್ಕೆ ಸರಕಾರ ಒಂದು ರೂಪಾಯಿ ಫೀಸು ಇಟ್ಟಿಲ್ಲ ಮಾರಾಯ್ರೇ!

"ಅಣ್ಣ, ಬೇರೆ ಬೇರೆ ದೇಶದ ಪೇಟೆಂಟ್ ಆಫೀಸಿನವರು ಒಬ್ಬರ ಫೈಲು ಒಬ್ಬರು ನೋಡ್ತಾರಂತಲ್ಲ, ಮತ್ತೆ ನನ್ನ ಹತ್ತಿರ ಯಾಕೆ ಕೇಳುವುದು?" ಅಂತ ಕೇಳಿದ. ಇಷ್ಟು ವರ್ಷ ಬೆಂಗಳೂರಿನಲ್ಲಿ ಅದೇ ಕಾಗದ ಗೀಚಿ ಊರಿಗೆ ಬಂದವನು ನಾನು. ಉತ್ತರ ಇರಬೇಕಿತ್ತು, ಅಲ್ವಾ? ಇದ್ದದ್ದು ಸಿಟ್ಟು ಮಾತ್ರ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಮ್ಮ ಪೇಟೆಂಟ್ ಕಾಯಿದೆಯ 8ನೇ ಕಲಮಿನ ಪ್ರಕಾರ, ಅದೇ ಆವಿಷ್ಕಾರಕ್ಕೆ ಬೇರೆ ದೇಶದಲ್ಲಿ ಎಲ್ಲೆಲ್ಲಿ ಅರ್ಜಿ ಹಾಕಿದ್ದೀರಿ, ಅದು ಏನಾಯಿತು ಅಂತ ನೀವೇ ಬರೆದು ತಿಳಿಸಬೇಕು. ಕಂಟ್ರೋಲರ್, ಅಂದರೆ ಪೇಟೆಂಟ್ ಆಫೀಸಿನ ಅಧಿಕಾರಿ, ಕೇಳಿದರೆ ಅಲ್ಲಿಯ ಪರೀಕ್ಷೆಯ ವಿವರವನ್ನೂ ಕೊಡಬೇಕು. ಕೊಡದಿದ್ದರೆ ಬರೀ ದಂಡ ಕಟ್ಟಿ ಮುಗಿಯುವುದಿಲ್ಲ. 64ನೇ ಕಲಮಿನಲ್ಲಿ ಪೇಟೆಂಟನ್ನೇ ರದ್ದು ಮಾಡಲು ಅದೂ ಒಂದು ಕಾರಣ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಪೇಟೆಂಟ್ ಕಾಯಿದೆಯ ಬಗ್ಗೆ ಕೊಟ್ಟ 1959ರ ವರದಿಯಿಂದ ಬಂದ ಸಂಗತಿ ಇದು. ಅವತ್ತಿಗೆ ಅದು ಸರಿಯೇ ಇತ್ತು. ವಾಷಿಂಗ್ಟನ್ನಿನ ಪರೀಕ್ಷಕ ಏನು ತಕರಾರು ತೆಗೆದ ಅಂತ ಇಲ್ಲಿ ಕೂತವರಿಗೆ ಗೊತ್ತಾಗಲು ಬೇರೆ ಉಪಾಯ ಎಲ್ಲಿತ್ತು?

ಈಗ ಇದೆ. ಜಿನೀವಾದ ವೈಪೋದವರು, ಅಂದರೆ ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆಯವರು, ನಡೆಸುವ ಕೇಸ್ (CASE) ಅನ್ನುವ ವ್ಯವಸ್ಥೆ ಇದೆ. ಆಸ್ಟ್ರೇಲಿಯ, ಕೆನಡಾ, ಬ್ರಿಟನ್ ಮೂರೂ ಸೇರಿ ಶುರು ಮಾಡಿದ್ದು. ಒಂದು ಆಫೀಸಿನ ಹುಡುಕಾಟದ ವರದಿ (ಇಂಥದ್ದು ಮೊದಲೇ ಇತ್ತಾ ಅಂತ ಹುಡುಕಿದ್ದು), ಪರೀಕ್ಷಾ ವರದಿ ಇನ್ನೊಂದು ಆಫೀಸಿನ ಪರೀಕ್ಷಕರಿಗೆ ಅಲ್ಲೇ ಕಾಣುತ್ತದೆ. ನಮ್ಮ ದೇಶವೂ ಅದರಲ್ಲಿ ಸೇರಿದೆ. ಅಮೆರಿಕ, ಯುರೋಪ್, ಜಪಾನ್, ಕೊರಿಯ, ಚೀನಾ ಐದೂ ಆಫೀಸುಗಳದು ಗ್ಲೋಬಲ್ ಡೋಸಿಯರ್ ಅಂತ ಬೇರೆ ಇದೆ. ಅಮೆರಿಕದ ಆಫೀಸು 2015ರಲ್ಲಿ ಅದನ್ನು ಜನರಿಗೂ ತೆರೆದಿಟ್ಟಿತು. ನಾನು ಫೋನಿನಲ್ಲೇ ಅದನ್ನು ತೆರೆದು, ಹುಡುಗನ ಅರ್ಜಿಯ ನಂಬರ್ ಹಾಕಿದೆ. ಅಮೆರಿಕದ ಫೈಲೂ ಬಂತು, ಚೀನಾದ್ದೂ ಬಂತು. ಚೀನೀ ವರದಿ ಮೆಷಿನ್ ಮಾಡಿದ ಇಂಗ್ಲಿಷ್ ಅನುವಾದದ ಜೊತೆಗೇ ಇತ್ತು. ಪುಕ್ಕಟೆ. ತೋಟದ ಬದಿಯಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುವ ಈ ಊರಿನಲ್ಲಿ ಕೂತು ನನಗೆ ಕಂಡದ್ದು, ಆ ಕುರ್ಚಿಯಲ್ಲಿ ಕೂತವರಿಗೆ ಕಾಣುವುದಿಲ್ಲವಾ?

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಡಿಯ ತಲಪಾಡಿ ದಾಟಿ ಓದಲು ಹೋದ ಮಕ್ಕಳಿಗಾಗಿ ಎರಡು ಸರಕಾರಗಳ ನಡುವೆ ಕಾಗದ ಹೊತ್ತು ನಡೆದವರು ನಾವು. ಅವರಿಬ್ಬರ ಕಂಪ್ಯೂಟರುಗಳು ಮಾತಾಡಿಕೊಂಡರೂ ಕಾಲು ನೋಯುವುದು ನಮ್ಮದೇ.

ಎಲ್ಲಾ ದೇಶದಲ್ಲೂ ಹೀಗೇ ಅಂತ ಯಾರೂ ಹೇಳಬೇಡಿ. ಮೊದಲು ಅರ್ಜಿ ಹಾಕಿದ ದೇಶದ ಹುಡುಕಾಟದ ವರದಿ ಕೊಡಿ ಅನ್ನುವ ನಿಯಮ ಯುರೋಪಿನಲ್ಲೂ 2011ರಿಂದ ಇದೆ. ಆದರೆ ಅಮೆರಿಕ, ಜಪಾನ್, ಕೊರಿಯ, ಚೀನಾದಂಥ ಆಫೀಸು ತಾನೇ ನೇರ ಕಳಿಸುವುದಾದರೆ ಅರ್ಜಿದಾರ ಕೊಡಬೇಕಾಗಿಲ್ಲ. ಇಷ್ಟೇ ಸ್ವಾಮಿ ನಾನು ಕೇಳುವುದು. ಅಮೆರಿಕ ಮಾತ್ರ ನಮ್ಮ ಹಾಗೆಯೇ. ಎದುರಿಗೆ ಡೋಸಿಯರ್ ತೆರೆದಿದ್ದರೂ ಬೇರೆ ಆಫೀಸು ಎತ್ತಿ ತೋರಿಸಿದ ದಾಖಲೆಗಳನ್ನು ನೀನೇ ಪಟ್ಟಿ ಮಾಡಿ ಕೊಡು ಅನ್ನುತ್ತದೆ. ಬೇಕೆಂದೇ ಮುಚ್ಚಿಟ್ಟೆ ಅಂತ ಕೋರ್ಟಿನಲ್ಲಿ ಸಾಬೀತಾದರೆ ಪೇಟೆಂಟೇ ಕೆಲಸಕ್ಕೆ ಬಾರದ್ದಾಗುತ್ತದೆ. ಕೆಟ್ಟದ್ದನ್ನು ಕಲಿಯಲು ನಮಗೆ ಅಮೆರಿಕವೇ ಬೇಕಾ?

ಈಗ ಕಮೆಂಟಿನಲ್ಲಿ ಬರುವ ಮಾತು ನನಗೆ ಗೊತ್ತು. "ಆ ಕಲಮು ಇಲ್ಲದಿದ್ದರೆ ದೊಡ್ಡ ಕಂಪನಿಗಳು ಹೊರಗೆ ತಿರಸ್ಕಾರ ಆದದ್ದನ್ನು ಮುಚ್ಚಿಟ್ಟು ಇಲ್ಲಿ ಪೇಟೆಂಟ್ ಹೊಡೆಯುತ್ತವೆ." ಸರಿ, ಆ ಭಯ ಸುಳ್ಳಲ್ಲ. 2009ರಲ್ಲಿ ದಿಲ್ಲಿ ಹೈಕೋರ್ಟಿನಲ್ಲಿ ಕೆಮ್ಟುರಾ ಕೇಸ್ ಆಯಿತು, ರೈಲಿನ ಬಿಡಿಭಾಗದ ಪೇಟೆಂಟ್. ವಿದೇಶದ ಅರ್ಜಿಗಳ ವಿವರ ಪೂರ್ತಿ ಕೊಡಲಿಲ್ಲ ಅಂತ ಪೇಟೆಂಟ್ ಇದ್ದ ಕಂಪನಿಗೆ ಸಿಕ್ಕಿದ್ದ ತಡೆಯಾಜ್ಞೆಯೇ ಹೋಯಿತು. 2014ರಲ್ಲಿ ಫಿಲಿಪ್ಸ್ ಕೇಸಿನಲ್ಲಿ ಅದೇ ಹೈಕೋರ್ಟು, ವಿವರ ಬಿಟ್ಟು ಹೋದ ಮಾತ್ರಕ್ಕೆ ತನ್ನಿಂತಾನೇ ರದ್ದಾಗುವುದಿಲ್ಲ, ಬೇಕೆಂದೇ ಮುಚ್ಚಿಟ್ಟದ್ದಾ ಅಂತ ನೋಡಬೇಕು ಎಂದಿತು. ಆದರೆ ಇಷ್ಟು ದೂರ ವಕೀಲರನ್ನು ಇಟ್ಟು ಹೊಡೆದಾಡಲು ಯಾರಿಗೆ ಆಗುತ್ತದೆ? ಕಂಪನಿಗೆ. ನಾಜಲ್ ಮಾಡಿದ ಹುಡುಗನಿಗೆ ಅಲ್ಲ. ಅವನು ಹೆದರಿ ಬಿಲ್ಲು ಕಟ್ಟುತ್ತಾನೆ. ಮುಚ್ಚಿಡಬಾರದು ಅನ್ನುವುದಾದರೆ, ಎಲ್ಲರಿಗೂ ಕಾಣುವ ಫೈಲನ್ನು ಮುಚ್ಚಿಡುವುದು ಹೇಗೆ ಅಂತ ಯಾರಾದರೂ ನನಗೆ ಕಲಿಸಿ.

ಇನ್ನೂ ಪ್ರಕಟವಾಗದ ಅರ್ಜಿ ಇರಬಹುದು, ಈ ಜಾಲದಲ್ಲಿ ಇಲ್ಲದ ದೇಶ ಇರಬಹುದು. ಸರಿ, ಅದನ್ನು ಮಾತ್ರ ಕೇಳಿ. ಯಾರು ಬೇಡ ಅಂದರು?

2024ರ ಮಾರ್ಚಿನಲ್ಲಿ ನಿಯಮ ಬದಲಾಯಿಸಿದರು, ಹೌದು, ಅದನ್ನು ಒಪ್ಪುತ್ತೇನೆ. ಮೊದಲಾದರೆ ಹೊರಗೆ ಅರ್ಜಿ ಹಾಕಿದಾಗಲೆಲ್ಲ ಆರು ತಿಂಗಳ ಒಳಗೆ ತಿಳಿಸಬೇಕಿತ್ತು. ಈಗ, ಶುರುವಿನಲ್ಲಿ ಕೊಡುವುದು ಬಿಟ್ಟರೆ, ಮೊದಲ ಪರೀಕ್ಷಾ ವರದಿ ಹೊರಡಿಸಿದ ಮೂರು ತಿಂಗಳ ಒಳಗೆ ಒಮ್ಮೆ ಕೊಟ್ಟರೆ ಸಾಕು. ಕಂಟ್ರೋಲರ್ ಸಿಗುವ ಡೇಟಾಬೇಸುಗಳನ್ನು ತಾವೇ ನೋಡಬೇಕು ಅಂತಲೂ ಬರೆದಿದ್ದಾರೆ. ನೋಡಿ, ಅವರ ಬಾಯಿಂದಲೇ ಬಂತು! ತಾವೇ ನೋಡಬಹುದು ಅಂತ ಒಪ್ಪಿದ ಮೇಲೂ ಫಾರ್ಮ್ 3 ಹಾಗೇ ಇದೆ, ಮತ್ತೆ ಕಾರಣ ಕೊಟ್ಟು ಇನ್ನೊಮ್ಮೆ ಕೇಳುವ ಅಧಿಕಾರವೂ ಇದೆ, ರದ್ದು ಮಾಡುವ ಕಲಮಿಗೆ ಯಾರೂ ಕೈ ಹಾಕಿಲ್ಲ. ಅದಕ್ಕೆ ಸಂಸತ್ತೇ ಬೇಕು, ನಿಯಮ ತಿದ್ದಿದರೆ ಆಗುವುದಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ, ಹಳೆಯ ಸಹೋದ್ಯೋಗಿಗಳು ಬೈದರೂ ಪರವಾಗಿಲ್ಲ. ನನ್ನ ಸಂಬಳದಲ್ಲಿ ಈ ಫಾರ್ಮ್ 3ರ ದುಡ್ಡೂ ಇತ್ತು. ಫಾರ್ಮು ತುಂಬುವುದು ಅಂಥ ಬುದ್ಧಿಯ ಕೆಲಸ ಅಲ್ಲ. ದೇಶ, ತಾರೀಕು, ನಂಬರ್, ಈಗಿನ ಸ್ಥಿತಿ, ಪ್ರಕಟವಾದ ದಿನ, ಪೇಟೆಂಟ್ ಸಿಕ್ಕಿದ್ದರೆ ಆ ದಿನ. ಮುಗಿಯಿತು. ಅರ್ಜಿದಾರನ ಹೆದರಿಕೆಗೆ ರೇಟು ಕಟ್ಟಿ ಬಿಲ್ಲು ಮಾಡುತ್ತಾರೆ ಅಷ್ಟೆ.

ಆದ್ದರಿಂದ ಈ ಕಡೆ, ಬದಿಯಡ್ಕವೋ ಪೆರ್ಲವೋ ಮುಳ್ಳೇರಿಯವೋ, ಯಾರಿಗಾದರೂ ಪರೀಕ್ಷಾ ವರದಿ ಬಂದಿದ್ದರೆ ಮೊದಲು ಅದರ ತಾರೀಕು ನೋಡಿಟ್ಟುಕೊಳ್ಳಿ, ಮೂರು ತಿಂಗಳ ಎಣಿಕೆ ಅಲ್ಲಿಂದಲೇ ಶುರು. ಆಮೇಲೆ ಗ್ಲೋಬಲ್ ಡೋಸಿಯರ್‌ನಲ್ಲಿ ನಿಮ್ಮ ಅರ್ಜಿಯ ನಂಬರ್ ಹಾಕಿ ಸಿಕ್ಕಿದ್ದನ್ನೆಲ್ಲ ಇಳಿಸಿಕೊಳ್ಳಿ. ಅದನ್ನು ಏಜೆಂಟರಿಗೆ ಕಳಿಸಿ, "ಮಾಹಿತಿ ಸಂಗ್ರಹ ನಾನೇ ಮಾಡಿದ್ದೇನೆ, ಆ ಸಾಲು ಬಿಲ್ಲಿನಿಂದ ತೆಗೆಯಿರಿ" ಅಂತ ಬರೆಯಿರಿ. ತೆಗೆಯುವುದಿಲ್ಲ ಅಂದರೆ ನನಗೆ ಮೆಸೇಜ್ ಮಾಡಿ. ನಾನೇ ಫೋನ್ ಮಾಡಿ ಮಾತಾಡುತ್ತೇನೆ, ಅವರ ಭಾಷೆ ನನಗೆ ಬರುತ್ತದೆ.