ಭಾನುವಾರ ಮೊಳೆ ಹೊಡೆಯುವಂತಿಲ್ಲ

ಒಂದು ಕ್ಯಾಲೆಂಡರ್ ನೇತುಹಾಕಬೇಕಿತ್ತು, ಅಷ್ಟೇ. ಅಣ್ಣ ಮೈಸೂರಿನಿಂದ ಇಲ್ಲಿಗೆ, ಮಲೇಷ್ಯಾಕ್ಕೆ, ಯಾರದೋ ಕೈಲಿ ಕಳಿಸಿದ್ದ. ರಾಹುಕಾಲ, ಏಕಾದಶಿ, ಸರ್ಕಾರಿ ರಜೆ ಎಲ್ಲ ಇರುವಂಥದ್ದು. ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ ಅಡುಗೆಮನೆ ಗೋಡೆಗೆ ಮೊಳೆ ಇಟ್ಟೆ. ಕಾಂಕ್ರೀಟ್ ಗೋಡೆ. ನಾಲ್ಕು ಏಟಿಗೆ ಮೊಳೆ ಬಗ್ಗಿತು, ಗೋಡೆಗೆ ಏನೂ ಆಗಲಿಲ್ಲ. ಐದನೇ ಏಟಿಗೆ ಸುತ್ತಿಗೆ ಎತ್ತುವಷ್ಟರಲ್ಲಿ ಇಂಟರ್‌ಕಾಮ್ ಬಡಿದುಕೊಂಡಿತು. ಕೆಳಗಿನ ಸೆಕ್ಯುರಿಟಿ ಹುಡುಗ. "ಸಾರಿ ಅಂಕಲ್, ಸಂಡೇ ಕೆನಾಟ್ ಲಾ."

ಆ 'ಲಾ' ಇಲ್ಲಿಯವರ ಮಾತಿಗಿರುವ ಬಾಲ, ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೇ ಮುಖ ಬಿಸಿಯಾಯಿತು. ಅರವತ್ತು ದಾಟಿದ ಮೇಲೆ ಮೊಳೆ ಹೊಡೆದದ್ದಕ್ಕೆ ಬೈಸಿಕೊಂಡೆನಲ್ಲ ಅಂತ. ಮೊಳೆ ಹೊಡೀಬೇಡಿ ಅನ್ನೋ ಮಾತು ನಮಗೇನು ಹೊಸದಲ್ಲ ಬಿಡಿ. ಮೈಸೂರಲ್ಲಿ ನಾವಿದ್ದ ಬಾಡಿಗೆಮನೆಗಳ ಓನರ್‌ಗಳೆಲ್ಲ ಹೇಳಿದ ಮೊದಲ ಮಾತೇ ಅದು. ಆದರೆ ಅವರ ಚಿಂತೆ ಗೋಡೆಯದು. ಪಕ್ಕದ ಮನೆಯವರ ಕಿವಿಯ ಬಗ್ಗೆ ಯಾವ ಓನರೂ ಹೇಳಿದ್ದು ನೆನಪಿಲ್ಲ.

ಸುತ್ತಿಗೆ ಕೆಳಗಿಟ್ಟೆ. ಕುವೆಂಪುನಗರದ ಕಲ್ಲು ಕೊಯ್ಯುವ ಮಷೀನು ನೆನಪಾಯಿತು.

ಅಣ್ಣನ ಮನೆ ಎದುರು ಒಬ್ಬರು ಮನೆ ಕಟ್ಟಿಸಿದರು. ಎಂಟು ತಿಂಗಳು. ನಾನು ರಜೆಗೆ ಹೋಗಿದ್ದು ಕೊನೆಯ ಮೂರು ವಾರ, ಅಂದರೆ ಗ್ರಾನೈಟ್ ಹಂತ. ಆ ಮಷೀನಿನ ಸದ್ದು ಕೇಳಿದವರಿಗೆ ವರ್ಣಿಸಬೇಕಾಗಿಲ್ಲ, ಹಲ್ಲಿನ ಬುಡದಲ್ಲಿ ಕೂರುತ್ತದೆ. ಬಿಳಿ ಪುಡಿ ನಮ್ಮ ತುಳಸಿಕಟ್ಟೆವರೆಗೂ ಬರುತ್ತಿತ್ತು. ಒಂದು ರಾತ್ರಿ ಹನ್ನೊಂದೂವರೆ ಆದರೂ ನಿಲ್ಲಲಿಲ್ಲ. ಅಣ್ಣ ಲುಂಗಿ ಎತ್ತಿಕಟ್ಟಿಕೊಂಡು ಹೋದ. ಆ ಮನೆಯವರು ಕೈ ಮುಗಿದರು. "ನಾಡಿದ್ದು ಗೃಹಪ್ರವೇಶ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ." ಅಣ್ಣ ವಾಪಸ್ ಬಂದು ಕಿವಿಗೆ ಹತ್ತಿ ಇಟ್ಟುಕೊಂಡ. ನಾಡಿದ್ದು ನಾವೆಲ್ಲ ಹೋಗಿ ಊಟ ಮಾಡಿ ಬಂದೆವು. ಒಬ್ಬಟ್ಟು ಚೆನ್ನಾಗಿತ್ತು, ಅದನ್ನು ಇಲ್ಲ ಅನ್ನಲಾರೆ. ಆದರೆ ಎಂಟು ತಿಂಗಳಿಗೆ ಎರಡು ಒಬ್ಬಟ್ಟು ಯಾವ ಲೆಕ್ಕ?

ನಾನು ಈಗ ಇರುವುದು ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ. ಬಯಾನ್ ಲೆಪಾಸ್‌ನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಊರಿಗೆ ಹೋಗ್ತೀವಿ ಅಂತಲೇ ಎಲ್ಲರೂ ತಿಳಿದಿದ್ದರು. ಪಿಂಚಣಿದಾರರ ಸ್ವರ್ಗ ಅಂತ ಹೆಸರು ಮಾಡಿದ ಊರು ಇರುವಾಗ ನಿವೃತ್ತಿಗೆ ಪರದೇಶ ಯಾಕೆ ಅಂತ ಅಣ್ಣನ ಪ್ರಶ್ನೆ. ಆ ಮೂರು ವಾರದ ಗ್ರಾನೈಟ್ ಕಾರಣ ಅಂತ ಅವನಿಗೆ ಇನ್ನೂ ಹೇಳಿಲ್ಲ.

ಇಲ್ಲಿ ವಯಸ್ಸಾದ ಹೊರಗಿನವರನ್ನು ಕರೆಯೋ ರೂಢಿ ಹಳೆಯದು. 1996ರಲ್ಲಿ ಶುರುವಾದಾಗ ಆ ಯೋಜನೆಯ ಹೆಸರೇ 'ಸಿಲ್ವರ್ ಹೇರ್'. ನರೆಗೂದಲಿಗೆ ವೀಸಾ! 2002ರಲ್ಲಿ ಅದೇ 'ಮಲೇಷ್ಯಾ ಮೈ ಸೆಕೆಂಡ್ ಹೋಮ್' ಆಯಿತು. ನಾವು ಹಳೆಯ ನಿಯಮದಲ್ಲಿ ಬಂದವರು, ಬಾಡಿಗೆಮನೆಯಲ್ಲೇ ಇದ್ದೇವೆ. 2021ರಲ್ಲಿ ನಿಯಮ ಬಿಗಿಯಾಯಿತು, 2024ರಲ್ಲಿ ಮತ್ತೆ ಬದಲಾಯಿತು. ಈಗ ಸಿಲ್ವರ್ ದರ್ಜೆಗೇ 1,50,000 ಡಾಲರ್ ಠೇವಣಿ ಕೇಳುತ್ತಾರೆ, ಮನೆಯನ್ನೂ ಕೊಳ್ಳಬೇಕು. ಆದ್ದರಿಂದ ನನ್ನ ಮಾತು ಕೇಳಿ ಯಾರೂ ಸೂಟ್‌ಕೇಸ್ ಕಟ್ಟಬೇಡಿ.

ಏರಿಯಾ ಹುಡುಕುವಾಗ ನಾನು ಮೈಸೂರಿನ ಪ್ರಶ್ನೆಗಳನ್ನೇ ಇಟ್ಟುಕೊಂಡು ಹೊರಟಿದ್ದೆ. ನೀರು ಹೇಗೆ, ಬಾಗಿಲು ಯಾವ ದಿಕ್ಕು, ಅಕ್ಕಪಕ್ಕ ಯಾರಿದ್ದಾರೆ. ಕಾರ್ಖಾನೆಯಲ್ಲಿ ನನಗಿಂತ ಮೊದಲೇ ರಿಟೈರ್ ಆಗಿದ್ದ ಚೀನೀ ಸಹೋದ್ಯೋಗಿಯೊಬ್ಬರು ನಕ್ಕುಬಿಟ್ಟರು. ಮನೆ ನೋಡಬೇಡ, ಮನೆ ಕೆಳಗೆ ಕೂತು ಕೇಳು ಅಂದರು. ಬೆಳಿಗ್ಗೆ ಏಳಕ್ಕೆ ಒಮ್ಮೆ, ಶನಿವಾರ ರಾತ್ರಿ ಒಮ್ಮೆ, ಜೋರು ಮಳೆಯಲ್ಲಿ ಒಮ್ಮೆ. ಅದಕ್ಕಿಂತ ಒಳ್ಳೆ ಸಲಹೆ ನನಗೆ ಯಾರೂ ಕೊಟ್ಟಿಲ್ಲ. ಸೈಟು ತಗೊಳ್ಳುವಾಗ ನಾವು ಮಣ್ಣು ಮುಟ್ಟಿ ನೋಡ್ತೀವಿ, ಕಿವಿ ಕೊಟ್ಟು ನೋಡಿದವರನ್ನು ನಾನು ಕಂಡಿಲ್ಲ.

ಹೆಂಡತಿ, ನಾನು, ಒಂದು ಫ್ಲಾಸ್ಕ್ ಕಾಫಿ. ಎರಡು ತಿಂಗಳು ಹೀಗೇ ಕೂತೆವು. ಜಾರ್ಜ್‌ಟೌನ್‌ನ ಹಳೇ ಪೇಟೆಮನೆಗಳು ನೋಡೋಕೆ ಚೆಂದ. ಆದರೆ 2008ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಊರದು, ಪ್ರವಾಸಿಗಳು ಇರೋದೇ. ಬಯಾನ್ ಲೆಪಾಸ್‌ನಲ್ಲಿ ವಿಮಾನ. ಬಟು ಫೆರಿಂಗಿಯಲ್ಲಿ ಹಗಲು ಜೆಟ್‌ಸ್ಕೀ, ರಾತ್ರಿ ಸಂತೆ. ಬಾಲಿಕ್ ಪುಲಾವ್ ಅಂದರೆ ದ್ವೀಪದ ಬೆನ್ನು. ಡೂರಿಯನ್ ಹಣ್ಣಿನ ತೋಟಗಳ ನಡುವೆ ನಿಜಕ್ಕೂ ಎಲೆ ಬಿದ್ದರೆ ಕೇಳುತ್ತದೆ. ಆದರೆ ರಾತ್ರಿ ಎದೆನೋವು ಬಂದರೆ ಗುಡ್ಡದ ತಿರುವುಗಳನ್ನು ಸುತ್ತಿ ಪೇಟೆಗೆ ಬರಬೇಕು. ಆಸ್ಪತ್ರೆ, ಮಾರ್ಕೆಟ್ ಎಲ್ಲ ಕೈಗೆಟುಕುವ ಪುಲಾವ್ ತಿಕುಸ್ ಹೆಂಡತಿಗೆ ಹಿಡಿಸಿತ್ತು. ಅದರರ್ಥ ಇಲಿ ದ್ವೀಪ ಅಂತ ಗೊತ್ತಾದ ಮೇಲೆ ಉತ್ಸಾಹ ಸ್ವಲ್ಪ ಇಳಿಯಿತು. ಕೊನೆಗೆ ತಂಜುಂಗ್ ಬುಂಗಾ. ಹೂವಿನ ಭೂಶಿರ. ಹೆಸರಿಗೇ ಹತ್ತು ಮಾರ್ಕು.

ಅಲ್ಲೂ ಸಮುದ್ರ ಕಾಣುವ ಮನೆ ಬಿಟ್ಟೆವು. ಸಮುದ್ರದ ಅಂಚಿಗೇ ರಸ್ತೆ, ಶನಿವಾರ ರಾತ್ರಿ ಬೈಕ್ ಹುಡುಗರು ಅಲೆಗಿಂತ ಜೋರು. ಹಿಂಬದಿಯ, ಗುಡ್ಡಕ್ಕೆ ಮುಖ ಮಾಡಿದ ಮನೆ ಹಿಡಿದೆವು. ಬಾಡಿಗೆಯೂ ಕಮ್ಮಿ. ಆದರೆ ಗುಡ್ಡ ಅಂದಾಗ ಒಂದು ಅಳುಕಿತ್ತು. 2017ರ ಅಕ್ಟೋಬರಿನಲ್ಲಿ ಇದೇ ತಂಜುಂಗ್ ಬುಂಗಾದಲ್ಲಿ ಕಟ್ಟಡ ಕಟ್ಟುತ್ತಿದ್ದ ಕಡೆ ಗುಡ್ಡ ಕುಸಿದು 11 ಜನ ಸತ್ತರು. ಮರುವರ್ಷ ಕೊಡಗಿನ ಸುದ್ದಿ ನೋಡುವಾಗ ಇದೇ ಕೆಂಪು ಮಣ್ಣು ಕಣ್ಣಿಗೆ ಬಂದಿತ್ತು. ಅದಕ್ಕೇ ಆ ಮೂರನೇ ಸಲದ ಕೂರುವಿಕೆ, ಮಳೆಯದ್ದು, ನಮಗೆ ಎಲ್ಲಕ್ಕಿಂತ ಮುಖ್ಯವಾಯಿತು. ನೀರು ಚರಂಡಿಯಲ್ಲಿ ಹರಿಯುತ್ತಾ ಗೋಡೆ ಸಂದಿಯಿಂದ ಬರುತ್ತಾ ಅಂತ ಕೊಡೆ ಹಿಡಿದು ನೋಡಿದೆವು.

ಇಲ್ಲಿಯ ಮೌನ ಮೊದಲ ವರ್ಷ ನನ್ನನ್ನು ಪೂರ್ತಿ ಮರುಳು ಮಾಡಿತ್ತು. ಫೋನ್ ಮಾಡಿದಾಗಲೆಲ್ಲ ಅಣ್ಣನಿಗೆ ಭಾಷಣ. ಇಲ್ಲಿ ಹಾರ್ನ್ ಹೊಡೆಯೋರೇ ಇಲ್ಲ ಕಣೋ, ಇಲ್ಲಿ ಜನ ಇನ್ನೊಬ್ಬರ ಬಗ್ಗೆ ಯೋಚನೆ ಮಾಡ್ತಾರೆ, ನಮಗೆ ಅದೆಲ್ಲ ಯಾವಾಗ ಬರುತ್ತೋ. ನಮ್ಮಲ್ಲೂ ಕಾನೂನು ಇಲ್ಲದೆ ಇಲ್ಲ. ಶಬ್ದಮಾಲಿನ್ಯದ ನಿಯಮ 2000ದಲ್ಲೇ ಬಂದಿದೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು. ಇದನ್ನು ಓದಿ ಹೇಳಿದ್ದಕ್ಕೆ ಅಣ್ಣ ಅಂದ, "ಯಾರಿಗೆ ಹೇಳೋಣ? ಗಣೇಶನಿಗಾ?"

ನಾನು ಈ ಮಾತಿಗೆ ತಿಂಗಳುಗಟ್ಟಲೆ ಸಿಟ್ಟಾಗಿದ್ದೆ. ಅವನು ಹೇಳಿದ್ದರಲ್ಲಿ ಅರ್ಥ ಇತ್ತು ಅಂತ ತಿಳಿದದ್ದು ಪಕ್ಕದ ಫ್ಲಾಟಿನವರು ಬಚ್ಚಲಿನ ಟೈಲ್ಸ್ ಬದಲಾಯಿಸಿದಾಗ.

ಕೆಲಸ ಶುರುವಾಗೋ ಮೊದಲು ಲಿಫ್ಟಿನಲ್ಲಿ ಚೀಟಿ ಅಂಟಿಸಿದರು. ಇಂಥ ದಿನದಿಂದ ಇಂಥ ದಿನ, ಸೋಮವಾರದಿಂದ ಶುಕ್ರವಾರ, ಒಂಬತ್ತರಿಂದ ಐದು. ಐದಾಗುವಷ್ಟರಲ್ಲಿ ಡ್ರಿಲ್ ನಿಂತು ಕೆಲಸದವರು ಚೀಲ ಕಟ್ಟುತ್ತಿದ್ದರು. ಎಂಥ ಸಂಸ್ಕೃತಿ ಅಂತ ಆ ಮನೆಯಾಕೆಗೆ ಹೇಳಿದೆ. ಆಕೆ ಕಣ್ಣು ಅಗಲಿಸಿದರು. "ಸಂಸ್ಕೃತಿ ಅಲ್ಲ ಅಂಕಲ್, ಡೆಪಾಸಿಟ್!" ಕೆಲಸ ಶುರು ಮಾಡೋ ಮುಂಚೆ ಆಡಳಿತ ಸಮಿತಿಗೆ ದುಡ್ಡು ಕಟ್ಟಬೇಕು. ಹೊತ್ತು ಮೀರಿದರೆ ಅದರಲ್ಲಿ ಹಿಡ್ಕೋತಾರೆ. ಆಕೆಯ ಗಂಡ ಐದಕ್ಕೆ ಹತ್ತು ನಿಮಿಷ ಇರುವಾಗಲೇ ಗಡಿಯಾರ ನೋಡಿಕೊಂಡು ಕೆಲಸದವರ ಬೆನ್ನ ಹಿಂದೆ ನಿಲ್ಲುತ್ತಿದ್ದರಂತೆ.

ಆಮೇಲೆ ಒಂದೊಂದೇ ಕಾಣತೊಡಗಿತು. ಕಾಂಪೌಂಡಿನ ಆಚೆ ಬಿಡಿ ಮನೆಗಳ ಸಾಲಿದೆ. ಅಲ್ಲೊಬ್ಬರಿಗೆ ಕರೋಕೆ ಹುಚ್ಚು. ರಾತ್ರಿ ಹನ್ನೊಂದಾದರೂ ಹಳೇ ಪ್ರೇಮಗೀತೆ, ಒಂದು ಸ್ವರವೂ ನೆಟ್ಟಗಿಲ್ಲ. ಸೆಕ್ಯುರಿಟಿ ಹುಡುಗನಿಗೆ ಹೇಳಿದರೆ ಕೈ ಚೆಲ್ಲಿದ. "ಔಟ್‌ಸೈಡ್ ಅಂಕಲ್, ಕೆನಾಟ್ ಲಾ." ಅದೇ ಕೆನಾಟ್! ಗೋಡೆಯ ಒಳಗೆ ಡೆಪಾಸಿಟ್ಟು, ಆಚೆ ಅಡ್ಜಸ್ಟ್. ಇನ್ನು ಚೀನೀ ಹೊಸವರ್ಷದ ಎಂಟನೇ ರಾತ್ರಿ. ಒಂಬತ್ತನೇ ದಿನ ಇಲ್ಲಿಯ ಹೊಕ್ಕಿಯೆನ್ ಚೀನೀ ಜನರ ಆಕಾಶದೇವರ ಹುಟ್ಟುಹಬ್ಬ. ನಡುರಾತ್ರಿ ಹೊಡೆಯೋ ಪಟಾಕಿಗೆ ಕಿಟಕಿ ಗಾಜು ನಡುಗುತ್ತದೆ. ಅವತ್ತು ಯಾರೂ ಇಂಟರ್‌ಕಾಮ್ ಮಾಡುವುದಿಲ್ಲ. ಗಣೇಶನಿಗಾ ಅಂತ ಅಣ್ಣ ಕೇಳಿದ್ದು ಇದೇ.

ಕೋಗಿಲೆ ಕಥೆ ಬೇರೆಯೇ. ನಮ್ಮ ಹಿಂದಿನ ಗುಡ್ಡದಲ್ಲಿ ಬೆಳಗಿನ ಐದಕ್ಕೇ ಶುರು ಮಾಡುತ್ತದೆ. ನನಗೂ ಹೆಂಡತಿಗೂ ಖುಷಿಯೋ ಖುಷಿ. ಮೇಲಿನ ಮನೆಯ ಚೀನೀ ಅಜ್ಜಿ ಮಾತ್ರ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಹಣೆ ಚಚ್ಚಿಕೊಳ್ಳುತ್ತಾರೆ. ಆ ದರಿದ್ರ ಹಕ್ಕಿಯಿಂದ ನಿದ್ದೆಯೇ ಇಲ್ಲ ಅಂತ. ನಮ್ಮ ಕಡೆ ಕವಿಗಳು ಅದನ್ನೇ ಹೊಗಳಿದ್ದಾರೆ ಅಂತ ಹೇಳೋಣ ಅನಿಸಿತು. ಹೇಳಲಿಲ್ಲ.

ಇಷ್ಟೆಲ್ಲ ಆದರೂ ಹೇಳ್ತೀನಿ, ನನಗೆ ಡೆಪಾಸಿಟ್ಟೇ ವಾಸಿ. ಭಯಕ್ಕೆ ಬಂದ ಮೌನವಾದರೂ ಮಧ್ಯಾಹ್ನದ ನಿದ್ದೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆ ಮೊಳೆಯನ್ನು ಸೋಮವಾರ ಒಂಬತ್ತೂಕಾಲಿಗೆ ಹೊಡೆದೆ.

ಹೋದ ವರ್ಷ ಅಣ್ಣ ಬಂದಿದ್ದ. ಸಮುದ್ರ ಇಷ್ಟವಾಯಿತು, ರಸ್ತೆ ಇಷ್ಟವಾಯಿತು, ಲಿಟಲ್ ಇಂಡಿಯಾದ ಇಡ್ಲಿಯನ್ನೂ ಒಪ್ಪಿಕೊಂಡ. ಮೂರನೇ ದಿನ ಬೆಳಿಗ್ಗೆ ಕಣ್ಣು ಕೆಂಪಾಗಿತ್ತು. "ನಿದ್ದೆ ಬರಲ್ಲ ಕಣೋ. ಕಿವಿಯೊಳಗೆ ಗುಂಯ್ ಅನ್ನುತ್ತೆ, ಏನೂ ಕೇಳಿಸದೆ ಇದ್ರೆ." ಅವತ್ತು ರಾತ್ರಿ ಅವನ ರೂಮಿನಿಂದ ಫ್ಯಾನಿನ ಸದ್ದು ಜೋರಾಗಿ ಬರುತ್ತಿತ್ತು. ಎಸಿ ಇದ್ದರೂ ಫ್ಯಾನು ಐದಕ್ಕೆ ತಿರುಗಿಸಿಕೊಂಡಿದ್ದ. ಬೆಳಿಗ್ಗೆ ಒಳ್ಳೆ ನಿದ್ದೆ ಬಂತು ಅಂದ. ಇಲ್ಲಿಗೆ ಬಂದಾಗಿನಿಂದ ನಾನೂ ಐದರಲ್ಲೇ ಹಾಕ್ಕೊಂಡು ಮಲಗ್ತೀನಿ ಅಂತ ಅವನಿಗೆ ಹೇಳಲಿಲ್ಲ.