ಗಮನವಿಲ್ಲ ಎಂದು ಬೈಯುವ ಮುನ್ನ

ಹತ್ತು ವರ್ಷಕ್ಕೆ ಮಕ್ಕಳ ಶ್ರವಣಶಕ್ತಿ ಪೂರ್ಣವಾಗುತ್ತದೆ, ಆಮೇಲೆ ಪಾಠ ಕೇಳಿಸಲಿಲ್ಲ ಎಂದರೆ ಅದು ಬರೀ ಗಮನದ ಕೊರತೆ ಎಂದು ನಾನು ಓದಿದ ಲೇಖನವೊಂದರಲ್ಲಿದೆ. ಇದನ್ನು ಖಂಡಿತ ಒಪ್ಪಲಾರೆ. ಒಳಗಿವಿ ಹುಟ್ಟುವಾಗಲೇ ಬಹುಪಾಲು ಸಿದ್ಧವಾಗಿರುತ್ತದೆ, ನಿಜ. ಆದರೆ ಗದ್ದಲದ ನಡುವಿನಿಂದ ಮಾತನ್ನು ಹೆಕ್ಕಿ ತೆಗೆಯುವುದು ಮಿದುಳಿನ ಕೆಲಸ. ಆ ಸಾಮರ್ಥ್ಯ ಹದಿಹರೆಯದಲ್ಲೂ ಬಲಿಯುತ್ತಲೇ ಇರುತ್ತದೆ. ಅದರಲ್ಲೂ ಫ್ಯಾನಿನ ಒಂದೇ ಸಮನಾದ ಸದ್ದಿಗಿಂತ ಪಕ್ಕದವರ ಪಿಸುಮಾತು ಹೆಚ್ಚು ಅಡ್ಡಬರುತ್ತದೆ. ಮಾತಿನ ಮೇಲೆ ಮಾತು ಬಿದ್ದಾಗ ಬೇರ್ಪಡಿಸುವ ಕಲೆ ಎಲ್ಲಕ್ಕಿಂತ ತಡವಾಗಿ ಕೈಗೂಡುತ್ತದೆ.

ನಾನು ಮಂಡ್ಯ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಕಬ್ಬು ಕಟಾವಿನ ಕಾಲದಲ್ಲಿ ಟ್ರ್ಯಾಕ್ಟರುಗಳು ಕಿಟಕಿಯ ಪಕ್ಕದಲ್ಲೇ ಹಾದುಹೋಗುತ್ತವೆ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪೆನ್ನು ಎತ್ತಿಹಿಡಿದು ನನ್ನ ತುಟಿಯನ್ನೇ ನೋಡುತ್ತಾಳೆ. ಮರುಕ್ಷಣ ಪಕ್ಕದವಳ ಪುಸ್ತಕ ನೋಡಿ ಬಿಟ್ಟುಹೋದ ಪದವನ್ನು ತುಂಬಿಕೊಳ್ಳುತ್ತಾಳೆ. ಇಷ್ಟು ಹೆಣಗುವ ಮಗುವಿಗೆ ಗಮನವಿಲ್ಲ ಎನ್ನುವುದು ಅನ್ಯಾಯ.

ಶಿಕ್ಷಕರೇ, ಅಂಥವರನ್ನು ಮುಂದೆ ಕೂರಿಸಿ, ಹೊಸ ಪದಗಳನ್ನು ಹಲಗೆಯ ಮೇಲೆ ಬರೆಯಿರಿ. ಪೋಷಕರೇ, ಸಂದೇಹವಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಿರಿ. ನಿಶ್ಶಬ್ದ ಕೋಣೆಯ ಪರೀಕ್ಷೆಯಷ್ಟೇ ಅಲ್ಲ, ಗದ್ದಲದಲ್ಲಿ ಮಾತು ಎಷ್ಟು ಅರ್ಥವಾಗುತ್ತದೆ ಎಂಬುದನ್ನೂ ಪರೀಕ್ಷಿಸುವಂತೆ ಕೇಳಿಕೊಳ್ಳಿ.