ಸತ್ಯಾಂಶ: ಬಿಗ್ ಸ್ಟಾರ್ ತಂಡವನ್ನು ಕೇಳುಗರು ತಿರಸ್ಕರಿಸಿದ್ದರೇ?

ಅಮೆರಿಕದ ಮೆಂಫಿಸ್ ನಗರದ ಪವರ್ ಪಾಪ್ (ಇಂಪಾದ ಪಾಪ್ ರಾಗಗಳನ್ನು ರಾಕ್ ಗಿಟಾರ್ ಜೊತೆ ಬೆರೆಸುವ ಶೈಲಿ) ಸಂಗೀತ ತಂಡವಾದ ಬಿಗ್ ಸ್ಟಾರ್, ಹಾಡುಗಳು ಯಾರಿಗೂ ಹಿಡಿಸದೆ ಕೆಲವೇ ವರ್ಷಗಳಲ್ಲಿ ಒಡೆದುಹೋಯಿತು ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. 1972ರಲ್ಲಿ ಬಂದ ಮೊದಲ ಆಲ್ಬಂ ಅನ್ನು ವಿಮರ್ಶಕರು ಮನಸಾರೆ ಹೊಗಳಿದ್ದರು. ಆದರೆ ವಿತರಣೆಯ ಹೊಣೆ ಹೊತ್ತಿದ್ದ ಸ್ಟ್ಯಾಕ್ಸ್ ಎಂಬ ರೆಕಾರ್ಡ್ ಸಂಸ್ಥೆಗೆ ಅದನ್ನು ಅಂಗಡಿಗಳಿಗೆ ಸರಿಯಾಗಿ ತಲುಪಿಸಲಾಗಲಿಲ್ಲ, ಆಮೇಲೆ ಆ ಕೆಲಸ ಕೊಲಂಬಿಯಾ ಎಂಬ ಮತ್ತೊಂದು ರೆಕಾರ್ಡ್ ಸಂಸ್ಥೆಯ ಕೈಗೆ ಹೋದರೂ ಪರಿಸ್ಥಿತಿ ಸುಧಾರಿಸಲಿಲ್ಲ. ಸೂಪರ್‌ಮಾರ್ಕೆಟ್ ಒಂದರ ಹೆಸರನ್ನೇ ಇಟ್ಟುಕೊಂಡ ತಂಡದ ರೆಕಾರ್ಡ್ ಅಂಗಡಿಯಲ್ಲಿ ಸಿಗದಿದ್ದುದು ವಿಪರ್ಯಾಸವೇ ಸರಿ. ಕೊಳ್ಳಲು ದೊರೆಯದ ಸರಕನ್ನು ಜನ ತಿರಸ್ಕರಿಸಿದರೆನ್ನುವುದು ಅನ್ಯಾಯ. ನಿರಾಶರಾದ ಸ್ಥಾಪಕ ಕ್ರಿಸ್ ಬೆಲ್ 1972ರಲ್ಲೇ ತಂಡದಿಂದ ಹೊರನಡೆದರು. ತಂಡದ ಗಾಯಕ ಅಲೆಕ್ಸ್ ಚಿಲ್ಟನ್ ಮುಂದಾಳತ್ವದಲ್ಲಿ 1974ರಲ್ಲಿ ಬಂದ ಎರಡನೆಯ ಆಲ್ಬಂ ‘ರೇಡಿಯೊ ಸಿಟಿ’ಗೂ ಅದೇ ಗತಿಯಾಯಿತು. ಮೂರನೆಯ ಆಲ್ಬಂ ಹೊರಬಂದದ್ದು 1978ರಲ್ಲಿ, ತಂಡವೇ ಇಲ್ಲವಾದ ಮೇಲೆ.